ಮಿಷಿಗನ್ ಸರೋವರದಲ್ಲಿ ಸಾಲ್ಮನ್, ಸ್ಟೀಲ್‌ಹೆಡ್: ಟ್ರೋಲಿಂಗ್ ಶುರು ಮಾಡುವವರಿಗೆ

ಶಿಕಾಗೋ, ಮಿಲ್ವಾಕಿ ಕಡೆ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ ಗಾಳದ ಹುಚ್ಚು ಇರುವವರು ಬೇಕಾದಷ್ಟಿದ್ದಾರೆ. ಊರ ಕೆರೆಯಲ್ಲಿ ಬ್ಲೂಗಿಲ್ ಹಿಡಿದಾಗಿದೆ, ನದಿಯಲ್ಲಿ ಬಾಸ್ ಹಿಡಿದಾಗಿದೆ. ಕಣ್ಣೆದುರಿಗೇ ಇರುವ ಮಿಷಿಗನ್ ಸರೋವರಕ್ಕೆ ಇಳಿಯಲು ಮಾತ್ರ ಹಿಂಜರಿಕೆ. ಅದು ಸಹಜವೇ. ಉದ್ದ ಸುಮಾರು 494 ಕಿಲೋಮೀಟರ್, ಅಗಲ ಹೆಚ್ಚೆಂದರೆ 190, ಅತಿ ಆಳದ ಜಾಗದಲ್ಲಿ 281 ಮೀಟರ್. ದಡದಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ. ಇಷ್ಟು ನೀರಿನಲ್ಲಿ ಮೀನನ್ನು ಎಲ್ಲಿ ಅಂತ ಹುಡುಕುವುದು?

ಅದಕ್ಕೇ ಟ್ರೋಲಿಂಗ್. ದೋಣಿಯನ್ನು ನಿಧಾನವಾಗಿ ಓಡಿಸುತ್ತಾ, ಹಿಂದೆ ಮೂರ್ನಾಲ್ಕು ಗಾಳಗಳನ್ನು ಬೇರೆ ಬೇರೆ ಆಳದಲ್ಲಿ ಎಳೆದುಕೊಂಡು ಹೋಗುವ ವಿಧಾನ ಇದು. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳು ಬಲೆ ಎಳೆಯುತ್ತವಲ್ಲ, ಅದಲ್ಲ. ಇಲ್ಲಿ ಬಲೆ ಇಲ್ಲ, ಗಾಳ ಮಾತ್ರ. ಒಂದೇ ಕಡೆ ಕಾದು ಕೂರುವ ಬದಲು ಮೈಲಿಗಟ್ಟಲೆ ನೀರನ್ನು ಜಾಲಾಡಬಹುದು.

ಶುರು ಮಾಡುವವರು ಮೊದಲು ಕೇಳುವುದು, ಯಾವ ಬಣ್ಣದ ಲ್ಯೂರ್, ಅಂದರೆ ಮೀನನ್ನು ಮರುಳು ಮಾಡುವ ಹುಸಿ ಮೀನು, ತಗೋಬೇಕು ಅಂತ. ಅಂಗಡಿಯಲ್ಲಿ ಗೋಡೆ ತುಂಬಾ ನೇತು ಹಾಕಿರುವ ಸ್ಪೂನ್ ಎಂಬ ಲೋಹದ ಲ್ಯೂರ್‌ಗಳನ್ನು ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ನನ್ನ ಪ್ರಕಾರ ಬಣ್ಣ ಕೊನೆಗೆ ಯೋಚಿಸಬೇಕಾದ ವಿಷಯ. ನೀರು ಯಾವ ಆಳದಲ್ಲಿ ಎಷ್ಟು ತಣ್ಣಗಿದೆ, ಗಾಳ ಎಷ್ಟು ವೇಗದಲ್ಲಿ ಹೋಗುತ್ತಿದೆ, ಇವೆರಡು ಸರಿ ಇದ್ದರೆ ಸಾಧಾರಣ ಸ್ಪೂನ್‌ಗೂ ಮೀನು ಬೀಳುತ್ತದೆ. ಇವೆರಡು ತಪ್ಪಿದ್ದರೆ ಅಂಗಡಿಯ ಗೋಡೆಯನ್ನೇ ಕೊಂಡು ತಂದರೂ ಬೀಳುವುದಿಲ್ಲ.

ಯಾವ ಮೀನು, ಎಲ್ಲಿಂದ ಬಂತು

ಸಾಲ್ಮನ್ ಈ ಸರೋವರದ ಮೂಲ ಮೀನಲ್ಲ. ಸಮುದ್ರದಿಂದ ಕಾಲುವೆಗಳ ಮೂಲಕ ಒಳಗೆ ಬಂದ ಲ್ಯಾಂಪ್ರೆ ಎಂಬ ಹಾವಿನಂಥ ಜೀವಿ ಇಲ್ಲಿನ ಲೇಕ್ ಟ್ರೌಟ್‌ಗಳ ಮೈಗೆ ಕಚ್ಚಿಕೊಂಡು ರಕ್ತ ಹೀರಿ ಅವುಗಳ ಸಂತತಿಯನ್ನೇ ಹಾಳು ಮಾಡಿತು. ತಿನ್ನುವ ದೊಡ್ಡ ಮೀನು ಇಲ್ಲವಾದಾಗ ಏಲ್‌ವೈಫ್ ಎಂಬ ಸಣ್ಣ ಬೆಳ್ಳಿ ಮೀನು ಮಿತಿಮೀರಿ ಹೆಚ್ಚಿತು. ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ ಅದು. 1967ರಲ್ಲಿ ಅವು ರಾಶಿ ರಾಶಿಯಾಗಿ ಸತ್ತು ದಡಕ್ಕೆ ಬಂದು ಬಿದ್ದು, ಬೀಚುಗಳೆಲ್ಲ ನಾರುತ್ತಿದ್ದವು. ಅದಕ್ಕೂ ಒಂದು ವರ್ಷ ಮೊದಲೇ, 1966ರಲ್ಲಿ, ಮಿಷಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥರಾಗಿದ್ದ ಹೋವರ್ಡ್ ಟ್ಯಾನರ್ ಮುಂದೆ ನಿಂತು ಪೆಸಿಫಿಕ್ ಕಡೆಯ ಕೋಹೊ ಸಾಲ್ಮನ್ ಮರಿಗಳನ್ನು ಪ್ಲ್ಯಾಟ್ ನದಿಗೂ ಮ್ಯಾನಿಸ್ಟೀ ನದಿಯ ಒಂದು ಹಳ್ಳಕ್ಕೂ ಬಿಡಿಸಿದ್ದರು. ಮರುವರ್ಷ ಚಿನೂಕ್ ಸಾಲ್ಮನ್ ಮರಿಗಳು ಬಂದವು. ಏಲ್‌ವೈಫ್ ತಿಂದು ಸಾಲ್ಮನ್ ಕೊಬ್ಬಿ ಬೆಳೆದವು.

ಹಳೇ ಕಥೆ ಯಾಕೆ ಅಂದರೆ, ಇವತ್ತಿಗೂ ಸಾಲ್ಮನ್ ಹೋಗುವುದು ಏಲ್‌ವೈಫ್ ಹಿಂದೆಯೇ. ದೋಣಿಯ ಫಿಶ್ ಫೈಂಡರ್ ಪರದೆಯ ಮೇಲೆ ಸಣ್ಣ ಮೀನಿನ ಮೋಡದಂಥ ಗುಂಪು ಕಂಡರೆ ಆ ಜಾಗ ಬಿಟ್ಟು ಬೇಗ ಹೊರಡಬೇಡಿ.

ನಿಮಗೆ ಸಿಗುವ ಮೀನು ಮುಖ್ಯವಾಗಿ ಮೂರು. ಚಿನೂಕ್ ಎಲ್ಲಕ್ಕಿಂತ ದೊಡ್ಡದು, ಇಲ್ಲಿನವರು ಅದನ್ನು ಕಿಂಗ್ ಎನ್ನುತ್ತಾರೆ. ಹತ್ತು ಹದಿನೈದು ಪೌಂಡಿನದು, ಅಂದರೆ ಐದಾರು ಏಳು ಕಿಲೋದ್ದು, ಆಗಾಗ ಸಿಗುತ್ತದೆ. 2021ರ ಆಗಸ್ಟ್‌ನಲ್ಲಿ ಲಡಿಂಗ್ಟನ್ ಊರಿನ ಬಳಿ ಸಿಕ್ಕಿದ್ದು 47.86 ಪೌಂಡ್ ತೂಗಿ ಮಿಷಿಗನ್ ರಾಜ್ಯದ ದಾಖಲೆಯಾಯಿತು. ಕೋಹೊ ಚಿಕ್ಕದು, ವಸಂತದಲ್ಲಿ ಎರಡು ಮೂರು ಪೌಂಡ್ ಇರುತ್ತದೆ, ತಿನ್ನಲು ಬಹಳ ರುಚಿ. ಸ್ಟೀಲ್‌ಹೆಡ್ ಅಂದರೆ ಸರೋವರದಲ್ಲಿ ಬೆಳೆದು ಮೊಟ್ಟೆ ಇಡಲು ನದಿ ಹತ್ತುವ ರೇನ್‌ಬೋ ಟ್ರೌಟ್. ಗಾಳ ಕಚ್ಚಿದ ತಕ್ಷಣ ನೀರಿನಿಂದ ಮೇಲಕ್ಕೆ ಹಾರುತ್ತದೆ. ಒಮ್ಮೆ ಅದು ಹಾರುವುದನ್ನು ನೋಡಿದವರು ಮತ್ತೆ ಬರದೇ ಇರುವುದಿಲ್ಲ.

ಮೊದಲ ಹೆಜ್ಜೆ: ಚಾರ್ಟರ್ ದೋಣಿ

ದೋಣಿ ಕೊಳ್ಳುವ ಮೊದಲು, ಉಪಕರಣ ಕೊಳ್ಳುವ ಮೊದಲು, ಒಂದು ಚಾರ್ಟರ್ ಮಾಡಿ, ಅಂದರೆ ಕ್ಯಾಪ್ಟನ್, ಸಹಾಯಕ ಸಮೇತ ದೋಣಿಯನ್ನು ಬಾಡಿಗೆಗೆ ಹಿಡಿಯಿರಿ. ವಾಕಿಗನ್, ಕೆನೋಶಾ, ಮಿಲ್ವಾಕಿ, ಪೋರ್ಟ್ ವಾಷಿಂಗ್ಟನ್, ಮಿಷಿಗನ್ ಸಿಟಿ, ಸೇಂಟ್ ಜೋಸೆಫ್, ಇಲ್ಲೆಲ್ಲ ಚಾರ್ಟರ್ ದೋಣಿಗಳಿವೆ. ಸಾಮಾನ್ಯವಾಗಿ ಆರು ಜನರವರೆಗೆ ಕರೆದುಕೊಂಡು ಹೋಗುತ್ತಾರೆ. ನಾಲ್ಕೈದು ಮಂದಿ ಗೆಳೆಯರು ಸೇರಿ ದುಡ್ಡು ಹಾಕಿದರೆ ಭಾರ ಅನಿಸುವುದಿಲ್ಲ. ಸಹಾಯಕನಿಗೆ ಬೇರೆಯಾಗಿ ಟಿಪ್ ಕೊಡುವುದು ಅಲ್ಲಿನ ರೂಢಿ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹೋದಾಗ ಒಳಗೆ ಕೂತು ತಿಂಡಿ ತಿನ್ನುತ್ತಾ ಇರಬೇಡಿ. ಹಿಂಭಾಗದಲ್ಲಿ ನಿಂತು ಸಹಾಯಕನ ಕೈ ನೋಡಿ. ಗಾಳ ಹೇಗೆ ಬಿಡುತ್ತಾನೆ, ಯಾವುದನ್ನು ಎಷ್ಟು ಆಳಕ್ಕೆ ಬಿಡುತ್ತಾನೆ, ಒಂದು ಮೀನು ಬಿದ್ದ ಮೇಲೆ ಏನೇನು ಬದಲಾಯಿಸುತ್ತಾನೆ, ಎಲ್ಲವನ್ನೂ ಗಮನಿಸಿ. "ಇವತ್ತು ಕೆಳಗೆ ನೀರು ಎಷ್ಟು ಡಿಗ್ರಿ ಇದೆ? ಕೆಳಗಿನ ವೇಗ ಎಷ್ಟು?" ಅಂತ ಕ್ಯಾಪ್ಟನ್‌ಗೆ ಕೇಳಿ. ಈ ಎರಡು ಪ್ರಶ್ನೆ ಕೇಳಿದವರಿಗೆ ಅವರು ಖುಷಿಯಿಂದ ಉಳಿದದ್ದನ್ನೂ ಹೇಳಿಕೊಡುತ್ತಾರೆ.

ನೀರು ಓದುವುದು

ಬೇಸಿಗೆಯಲ್ಲಿ ಸರೋವರದ ನೀರು ನಮ್ಮ ಬಚ್ಚಲಿನ ಹಂಡೆಯ ಹಾಗೆ. ಮೇಲೆ ಬೆಚ್ಚಗಿರುತ್ತದೆ, ಕೆಳಗೆ ತಣ್ಣಗಿರುತ್ತದೆ. ಮೇಲಿನ ಪದರ 70 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ, ಒಂದು ಆಳದಲ್ಲಿ ಸ್ವಲ್ಪ ದೂರದೊಳಗೇ ಉಷ್ಣತೆ ಸರ್ರನೆ 50ರ ಆಸುಪಾಸಿಗೆ ಇಳಿಯುತ್ತದೆ. ಈ ಇಳಿಯುವ ಪದರಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ಏಲ್‌ವೈಫ್‌ಗಳು ಇದರ ಸುತ್ತಮುತ್ತ ಸೇರುತ್ತವೆ, ಸಾಲ್ಮನ್ ಅಲ್ಲಿಗೇ ಬರುತ್ತದೆ. ಚಿನೂಕ್‌ಗೆ ಹಿಡಿಸುವುದು 50ರ ಆಸುಪಾಸಿನ ನೀರು. ಕೋಹೊಗೆ ಅದಕ್ಕಿಂತ ಒಂದೆರಡು ಡಿಗ್ರಿ ಜಾಸ್ತಿ ಇದ್ದರೂ ಆದೀತು. ಸ್ಟೀಲ್‌ಹೆಡ್ 55ರಿಂದ 60ರ ನೀರಿನಲ್ಲಿ ಆರಾಮಾಗಿರುತ್ತದೆ. ಹಾಗಾಗಿ ಇನ್ನೂರು ಅಡಿ ಆಳದ ಜಾಗದಲ್ಲೂ ಅದು ಮೇಲಿನ ಮೂವತ್ತು ಅಡಿಯೊಳಗೆ ಓಡಾಡುತ್ತಿರುತ್ತದೆ. ಹೊಸಬರು ಗಾಳಗಳನ್ನೆಲ್ಲ ಕೆಳಕ್ಕೆ ಬಿಟ್ಟು ಸ್ಟೀಲ್‌ಹೆಡ್ ಇಲ್ಲ ಅಂದುಕೊಳ್ಳುವುದು ಇಲ್ಲೇ.

ಉಷ್ಣತೆ ತಿಳಿಯುವುದು ಹೇಗೆ? ಗಾಳವನ್ನು ಆಳಕ್ಕೆ ಇಳಿಸುವ ಡೌನ್‌ರಿಗ್ಗರ್ ಎಂಬ ಸಾಧನದ ಗುಂಡಿನ ಜೊತೆ ಇಳಿಸುವ ಪ್ರೋಬ್ ಸಿಗುತ್ತದೆ. ಅದು ಕೆಳಗಿನ ಉಷ್ಣತೆಯನ್ನೂ ವೇಗವನ್ನೂ ಮೇಲೆ ತೋರಿಸುತ್ತದೆ. ಬೆಲೆ ಜಾಸ್ತಿ. ಆದರೂ ಒಂದೇ ಒಂದು ದುಬಾರಿ ವಸ್ತು ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ. ಅದಿಲ್ಲದಿದ್ದರೆ ದಾರಕ್ಕೆ ಕಟ್ಟಿ ಇಳಿಸುವ ಅಗ್ಗದ ಥರ್ಮಾಮೀಟರ್ ಸಾಕು. ಇಳಿಸಿ ಒಂದೆರಡು ನಿಮಿಷ ಬಿಟ್ಟು ಎತ್ತಿ ನೋಡಬೇಕು.

ಇನ್ನು ಗಾಳಿ. ದಡದ ಕಡೆಯಿಂದ ಸರೋವರದ ಕಡೆಗೆ ಎರಡು ಮೂರು ದಿನ ಬಲವಾಗಿ ಬೀಸಿದರೆ ಮೇಲಿನ ಬೆಚ್ಚಗಿನ ನೀರು ಆಚೆಗೆ ಸರಿಯುತ್ತದೆ, ಕೆಳಗಿನ ತಣ್ಣೀರು ದಡದ ಹತ್ತಿರ ಮೇಲಕ್ಕೆ ಬರುತ್ತದೆ. ಮಿಲ್ವಾಕಿ ಕಡೆಗೆ ಇದನ್ನು ಮಾಡುವುದು ಪಶ್ಚಿಮದ ಗಾಳಿ, ಎದುರು ದಡದ ಮಿಷಿಗನ್ ರಾಜ್ಯಕ್ಕೆ ಪೂರ್ವದ ಗಾಳಿ. ಆಗ ಐದಾರು ಮೈಲಿ ಆಚೆ ಇದ್ದ ಮೀನು ಬಂದರಿನ ಹತ್ತಿರಕ್ಕೇ ಬರಬಹುದು. ಹೋದ ವಾರ ಮೀನು ಸಿಕ್ಕ ಜಾಗದಲ್ಲಿ ಈ ವಾರ ಏನೂ ಇಲ್ಲದಿದ್ದರೆ ನಡುವೆ ಗಾಳಿ ಯಾವ ಕಡೆಯಿಂದ ಬೀಸಿತು ಅಂತ ನೋಡಿ. ಹೆಚ್ಚಿನ ಸಲ ಉತ್ತರ ಅಲ್ಲೇ ಇರುತ್ತದೆ.

ಯಾವ ತಿಂಗಳು ಎಲ್ಲಿ

ದಕ್ಷಿಣದ ತುದಿ ಮೊದಲು ಬೆಚ್ಚಗಾಗುತ್ತದೆ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಇಂಡಿಯಾನಾ ದಡ, ದಕ್ಷಿಣ ಶಿಕಾಗೋ ಕಡೆ ಕೋಹೊ ಹತ್ತಿಪ್ಪತ್ತು ಅಡಿ ನೀರಿನಲ್ಲೇ ಸಿಗುತ್ತದೆ. ಮೇ ತಿಂಗಳ ಹೊತ್ತಿಗೆ ಅವು ಉತ್ತರಕ್ಕೆ, ವಾಕಿಗನ್, ಕೆನೋಶಾ, ರಸೀನ್ ಕಡೆಗೆ ಏರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಚಿನೂಕ್, ಸ್ಟೀಲ್‌ಹೆಡ್ ಆಳದ ನೀರಿನಲ್ಲಿ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ದೊಡ್ಡ ಚಿನೂಕ್ ಮೊಟ್ಟೆ ಇಡಲು ನದಿ ಬಾಯಿಗೆ ಬರುತ್ತವೆ, ಆಗ ಬಂದರಿನ ಬಾಯಲ್ಲೇ ಸಿಗುತ್ತವೆ. ಶುರು ಮಾಡಲು ನಾನು ಹೇಳುವುದು ವಸಂತದ ಕೋಹೊ. ಆಳ ಕಡಿಮೆ, ದೂರ ಕಡಿಮೆ, ಉಪಕರಣವೂ ಕಡಿಮೆ ಸಾಕು.

ಉಪಕರಣ

ಎರಡು ಡೌನ್‌ರಿಗ್ಗರ್, ಎರಡು ಡಿಪ್ಸಿ ಡೈವರ್. ಒಟ್ಟು ನಾಲ್ಕು ಗಾಳದ ಕೋಲು. ಮೊದಲ ವರ್ಷ ಇದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ದಾರ ಸಿಕ್ಕು ಬಿಡಿಸುವುದರಲ್ಲೇ ಬೆಳಗು ಕಳೆಯುತ್ತದೆ.

ಡೌನ್‌ರಿಗ್ಗರ್ ಅಂದರೆ ದೋಣಿಯ ಅಂಚಿಗೆ ಕೂರಿಸುವ ಒಂದು ರಾಟೆ. ಉಕ್ಕಿನ ತಂತಿಯ ತುದಿಗೆ 10ರಿಂದ 12 ಪೌಂಡಿನ ಸೀಸದ ಗುಂಡು ಇರುತ್ತದೆ. ಗುಂಡಿನ ಹತ್ತಿರ ಒಂದು ಕ್ಲಿಪ್. ಗಾಳದ ದಾರವನ್ನು ಅದಕ್ಕೆ ಸಿಕ್ಕಿಸಿ ಗುಂಡನ್ನು ಬೇಕಾದ ಆಳಕ್ಕೆ ಇಳಿಸುತ್ತೀರಿ. ಮೀನು ಕಚ್ಚಿದಾಗ ದಾರ ಕ್ಲಿಪ್‌ನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ನಿಮಗೂ ಮೀನಿಗೂ ನಡುವೆ ಭಾರ ಇಲ್ಲ.

ಡಿಪ್ಸಿ ಡೈವರ್ ಒಂದು ಪ್ಲಾಸ್ಟಿಕ್ ತಟ್ಟೆ. ನೀರಿನ ಒತ್ತಡಕ್ಕೆ ಕೆಳಕ್ಕೂ ಪಕ್ಕಕ್ಕೂ ಹೋಗುತ್ತದೆ. ತಳದಲ್ಲಿ 0ಯಿಂದ 3ರವರೆಗೆ ಗುರುತು ಇದೆ. ಅಂಕಿ ಜಾಸ್ತಿ ಆದಷ್ಟೂ ದೋಣಿಯಿಂದ ಪಕ್ಕಕ್ಕೆ ಜಾಸ್ತಿ, ಆಳಕ್ಕೆ ಕಡಿಮೆ. ಎಷ್ಟು ದಾರ ಬಿಟ್ಟರೆ ಎಷ್ಟು ಆಳ ಅನ್ನುವ ಪಟ್ಟಿ ಪೊಟ್ಟಣದಲ್ಲೇ ಬರುತ್ತದೆ, ಅದನ್ನು ಬಿಸಾಡಬೇಡಿ. ಬಿಟ್ಟ ದಾರವನ್ನು ಅಡಿಯಲ್ಲಿ ಎಣಿಸಿ ತೋರಿಸುವ ಲೈನ್ ಕೌಂಟರ್ ರೀಲ್ ಬೇಕೇ ಬೇಕು. ಇಷ್ಟೇ ದಾರಕ್ಕೆ ಮೀನು ಬಿತ್ತು ಅಂತ ಗೊತ್ತಾದರೆ ಅಷ್ಟೇ ದಾರ ಮತ್ತೆ ಬಿಡಬಹುದು, ಅಲ್ವಾ?

ಕೋಲು ಎಂಟೂವರೆ ಅಡಿಯದ್ದು, ಚೆನ್ನಾಗಿ ಬಾಗುವಂಥದ್ದು. ಡಿಪ್ಸಿಗೆ ಒಂಬತ್ತು ಅಡಿ, ಸ್ವಲ್ಪ ಗಟ್ಟಿ. ಡೌನ್‌ರಿಗ್ಗರ್ ಕೋಲಿಗೆ 20 ಪೌಂಡ್ ಭಾರ ತಡೆಯುವ ನೈಲಾನ್ ದಾರ, ಡಿಪ್ಸಿಗೆ 30. ಉದ್ದ ಹಿಡಿಯ ದೊಡ್ಡ ಕೈಬಲೆ ಇರಲಿ.

ಲ್ಯೂರ್ ವಿಷಯ ಬೇಗ ಮುಗಿಸುತ್ತೇನೆ. ಹತ್ತು ಸ್ಪೂನ್ ಸಾಕು. ಬೆಳ್ಳಿ, ಹಸಿರು, ನೀಲಿ, ಕಿತ್ತಳೆ, ಮತ್ತು ಕತ್ತಲಲ್ಲಿ ಹೊಳೆಯುವ ಎರಡು. ಹೊಳೆಯುವುದು ಸೂರ್ಯ ಹುಟ್ಟುವ ಮೊದಲು ಚಿನೂಕ್‌ಗೆ. ಬಿಡುವ ಮುಂಚೆ ಟಾರ್ಚ್ ಬೆಳಕು ಹಾಯಿಸಿ. ಕಿತ್ತಳೆ ಸ್ಟೀಲ್‌ಹೆಡ್‌ಗೆ, ಬಿಸಿಲೇರಿದ ಮೇಲೂ ನಡೆಯುತ್ತದೆ. ಡಿಪ್ಸಿ ಹಿಂದೆ ಫ್ಲ್ಯಾಶರ್, ಅಂದರೆ ತಿರುಗುತ್ತಾ ಹೊಳೆದು ಮೀನನ್ನು ಸೆಳೆಯುವ ಪಟ್ಟಿ, ಅದರ ಹಿಂದೆ ಎರಡು ಅಡಿ ಬಿಟ್ಟು ಫ್ಲೈ, ಅಂದರೆ ಹೊಳೆಯುವ ಎಳೆಗಳನ್ನು ಸುತ್ತಿದ ಗಾಳ, ಕಟ್ಟಿ. ವಸಂತದ ಕೋಹೊಗೆ ಕೆಂಪು ಅಥವಾ ಕಿತ್ತಳೆ ಬಣ್ಣದ ಸಣ್ಣ ಡಾಡ್ಜರ್, ಅಂದರೆ ತಿರುಗದೆ ಅತ್ತಿತ್ತ ತೂಗಾಡುವ ಪಟ್ಟಿ, ಅದರ ಹಿಂದೆ ಪುಟ್ಟ ಫ್ಲೈ.

ವಸಂತದಲ್ಲಿ ಇನ್ನೊಂದು ವಸ್ತು ಉಪಯೋಗಕ್ಕೆ ಬರುತ್ತದೆ: ಪ್ಲೇನರ್ ಬೋರ್ಡ್. ನೀರು ಕಡಿಮೆ ಇರುವಲ್ಲಿ ಮೀನು ದೋಣಿಗೆ ಹೆದರಿ ಪಕ್ಕಕ್ಕೆ ಸರಿಯುತ್ತದೆ. ಈ ತೇಲುವ ಹಲಗೆಯನ್ನು ದಾರಕ್ಕೆ ಸಿಕ್ಕಿಸಿದರೆ ಅದು ಗಾಳವನ್ನು ದೋಣಿಯಿಂದ ದೂರ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ.

ಗಾಳ ಬಿಡುವುದು

ದೋಣಿ ನೇರವಾಗಿ, ಗಂಟೆಗೆ ಎರಡೂವರೆ ಮೈಲಿಯಂತೆ ಹೋಗುತ್ತಿರಲಿ. ಸ್ಪೂನನ್ನು ಮೊದಲು ದೋಣಿಯ ಪಕ್ಕದಲ್ಲೇ ನೀರಿಗೆ ಹಿಡಿದು ನೋಡಿ. ಎಡಕ್ಕೆ ಬಲಕ್ಕೆ ಹೊರಳುತ್ತಾ ಒದ್ದಾಡಬೇಕು. ಸುಮ್ನೆ ಎಳೆದುಕೊಂಡು ಬಂದರೆ ವೇಗ ಕಡಿಮೆ, ಗಿರಗಿರ ತಿರುಗಿದರೆ ಜಾಸ್ತಿ.

ಸರಿ ಅನಿಸಿದ ಮೇಲೆ ರೀಲ್‌ನ ಹೆಬ್ಬೆರಳ ಬಾರ್ ಒತ್ತಿ ದಾರ ಬಿಡಿ. ಬೇಸಿಗೆಯಲ್ಲಿ ಆಳಕ್ಕೆ ಬಿಡುವಾಗ ಇಪ್ಪತ್ತು ಅಡಿ ಹಿಂದಿದ್ದರೆ ಸಾಕು. ವಸಂತದಲ್ಲಿ ನೀರು ಕಡಿಮೆ ಇರುವಾಗ ಐವತ್ತು, ಎಪ್ಪತ್ತು ಅಡಿ ಹಿಂದಕ್ಕೆ ಬಿಡಬೇಕು. ಅಲ್ಲಿಗೆ ದಾರವನ್ನು ಕ್ಲಿಪ್‌ಗೆ ಸಿಕ್ಕಿಸಿ. ಈಗ ಒಂದು ಕೈಯಲ್ಲಿ ಗುಂಡು ಇಳಿಸುತ್ತಾ, ಇನ್ನೊಂದು ಕೈಯ ಹೆಬ್ಬೆರಳನ್ನು ರೀಲ್‌ನ ಸುರುಳಿಯ ಮೇಲೆ ಹಗುರಾಗಿ ಇಟ್ಟಿರಿ. ಹೆಬ್ಬೆರಳು ತೆಗೆದರೆ ಸುರುಳಿ ತಾನೇ ಓಡಿ ದಾರ ಗಂಟಾಗುತ್ತದೆ. ಬಿಗಿಯಾಗಿ ಒತ್ತಿದರೆ ದಾರ ಕ್ಲಿಪ್‌ನಿಂದ ಕಳಚಿಕೊಳ್ಳುತ್ತದೆ. ಬೇಕಾದ ಆಳ ಬಂದ ಮೇಲೆ ಕೋಲನ್ನು ದೋಣಿಯ ಅಂಚಿನಲ್ಲಿರುವ ಕೋಲು ಹಿಡಿಕೆಗೆ ಸಿಕ್ಕಿಸಿ, ತುದಿ ಬಿಲ್ಲಿನಂತೆ ಬಾಗುವ ತನಕ ರೀಲ್ ಸುತ್ತಿ. ಈ ಬಾಗು ಮುಖ್ಯ. ಮೀನು ಕಚ್ಚಿ ಕ್ಲಿಪ್ ಬಿಟ್ಟಾಗ ಕೋಲು ಮೇಲಕ್ಕೆ ಚಿಮ್ಮಿ ಸಡಿಲ ದಾರವನ್ನು ಎಳೆದುಕೊಳ್ಳುವುದು ಇದರಿಂದಲೇ.

ಎರಡು ಗುಂಡನ್ನೂ ಒಂದೇ ಆಳಕ್ಕೆ ಇಳಿಸಬೇಡಿ. ಥರ್ಮೋಕ್ಲೈನ್ ಅರವತ್ತು ಅಡಿಯಲ್ಲಿದ್ದರೆ ಒಂದನ್ನು ಐವತ್ತೈದಕ್ಕೆ, ಇನ್ನೊಂದನ್ನು ಎಪ್ಪತ್ತಕ್ಕೆ ಬಿಡಿ. ಒಂದು ಡಿಪ್ಸಿ ನಲವತ್ತರ ಆಸುಪಾಸಿಗೆ, ಇನ್ನೊಂದು ಇಪ್ಪತ್ತೈದಕ್ಕೆ, ಸ್ಟೀಲ್‌ಹೆಡ್‌ಗಾಗಿ. ಯಾವುದಕ್ಕೆ ಮೀನು ಬೀಳುತ್ತದೋ ಉಳಿದವನ್ನು ಆ ಕಡೆಗೆ ಸರಿಸುತ್ತಾ ಹೋಗಿ.

ವೇಗ ಅಂದಾಗ ಒಂದು ಮಾತು. ಜಿಪಿಎಸ್ ತೋರಿಸುವುದು ದೋಣಿಯ ವೇಗ. ಅರವತ್ತು ಅಡಿ ಕೆಳಗೆ ಪ್ರವಾಹ ಬೇರೆ ದಿಕ್ಕಿಗೆ ಹರಿಯುತ್ತಿರಬಹುದು. ಮೇಲೆ 2.5 ಇದ್ದರೂ ಕೆಳಗೆ 1.8 ಇರಬಹುದು, 3 ಇರಬಹುದು. ಉತ್ತರಕ್ಕೆ ಹೋಗುವಾಗ ಮೀನು ಬಿದ್ದು ದಕ್ಷಿಣಕ್ಕೆ ತಿರುಗಿದಾಗ ನಿಂತುಹೋದರೆ ಕಾರಣ ಸಾಮಾನ್ಯವಾಗಿ ಇದೇ. ಪ್ರೋಬ್ ಇಲ್ಲದವರು ಡೌನ್‌ರಿಗ್ಗರ್ ತಂತಿ ಹಿಂದಕ್ಕೆ ಎಷ್ಟು ಓರೆಯಾಗಿದೆ ಅಂತ ನೋಡಬೇಕು. ಮೀನು ಬಿದ್ದಾಗಿನ ಓರೆ ನೆನಪಿಟ್ಟುಕೊಂಡು, ತಿರುಗಿದ ಮೇಲೂ ಅದೇ ಓರೆ ಬರುವಷ್ಟು ವೇಗ ಹೊಂದಿಸಿ. ಆಗಾಗ ದೊಡ್ಡ ಸುತ್ತಿನಲ್ಲಿ ನಿಧಾನವಾಗಿ ತಿರುಗಿ. ತಿರುವಿನ ಹೊರಗಿನ ಗಾಳಗಳ ವೇಗ ಹೆಚ್ಚುತ್ತದೆ, ಒಳಗಿನದ್ದು ಕಡಿಮೆಯಾಗುತ್ತದೆ. ಹೊರಗಿನದ್ದಕ್ಕೆ ಮೀನು ಬಿದ್ದರೆ ದೋಣಿಯ ವೇಗ ಸ್ವಲ್ಪ ಏರಿಸಿ, ಒಳಗಿನದ್ದಕ್ಕೆ ಬಿದ್ದರೆ ಇಳಿಸಿ. ಇದಕ್ಕಿಂತ ಅಗ್ಗದ ಪಾಠ ಇನ್ನೊಂದಿಲ್ಲ.

ಮೀನು ಬಿದ್ದಾಗ

ಬಾಗಿದ್ದ ಕೋಲು ಫಟ್ ಅಂತ ನೇರವಾಗಿ, ಮರುಕ್ಷಣ ನೀರಿನ ಕಡೆಗೆ ಮತ್ತೆ ಬಾಗಿ, ರೀಲ್ ಕಿರ್ರೆಂದು ಕೂಗತೊಡಗುತ್ತದೆ. ದೋಣಿ ನಿಲ್ಲಿಸಬೇಡಿ. ನಿಲ್ಲಿಸಿದರೆ ದಾರ ಸಡಿಲವಾಗಿ ಮೀನು ಗಾಳ ಉಗುಳುತ್ತದೆ, ಉಳಿದ ಗಾಳಗಳೂ ಮುಳುಗಿ ಸಿಕ್ಕಾಗುತ್ತವೆ. ಕೋಲನ್ನು ಜೋರಾಗಿ ಹಿಂದಕ್ಕೆ ಎಳೆಯುವುದೂ ಬೇಡ. ಹಿಡಿಕೆಯಿಂದ ತೆಗೆದು, ತುದಿ ಮೇಲಿಟ್ಟು, ದಾರ ಬಿಗಿಯಾಗಿಟ್ಟುಕೊಳ್ಳಿ. ಚಿನೂಕ್ ಓಡಿದರೆ ಓಡಲಿ, ಆಗ ರೀಲ್ ತಿರುಗಿಸಬೇಡಿ. ನಿಂತಾಗ ಕೋಲನ್ನು ನಿಧಾನವಾಗಿ ಎತ್ತಿ, ಇಳಿಸುತ್ತಾ ಸುತ್ತಿ. ಸ್ಟೀಲ್‌ಹೆಡ್ ಹಾರಿದಾಗ ತುದಿಯನ್ನು ಸ್ವಲ್ಪ ಬಗ್ಗಿಸಿ.

ಬಲೆ ಹಿಡಿದವರು ಮೀನಿನ ಹಿಂದಿನಿಂದ ಬಾಚಲು ಹೋಗಬಾರದು. ಬಲೆಯನ್ನು ತಯಾರಾಗಿ ಹಿಡಿದು ನಿಲ್ಲಿ. ಕೋಲು ಹಿಡಿದವರು ಮೀನಿನ ತಲೆಯನ್ನು ಬಲೆಯ ಬಾಯಿಗೆ ತರಬೇಕು. ತಲೆ ಒಳಗೆ ಹೋದ ಮೇಲೆ ಒಂದೇ ಸಲಕ್ಕೆ ಎತ್ತಿ.

ಲೈಸೆನ್ಸ್ ಮತ್ತು ಹವಾಮಾನ

ಸರೋವರಕ್ಕೆ ನಾಲ್ಕು ರಾಜ್ಯಗಳ ಗಡಿ ಇದೆ, ಯಾವ ರಾಜ್ಯದ ನೀರಿನಲ್ಲಿ ಗಾಳ ಬಿಡುತ್ತೀರೋ ಅಲ್ಲಿನ ಲೈಸೆನ್ಸ್ ಬೇಕು. ಇಲಿನಾಯ್, ಇಂಡಿಯಾನಾ, ವಿಸ್ಕಾನ್ಸಿನ್‌ನಲ್ಲಿ ಲೈಸೆನ್ಸ್ ಜೊತೆಗೆ ಸಾಲ್ಮನ್, ಟ್ರೌಟ್‌ಗೆ ಸ್ಟ್ಯಾಂಪ್ ಎಂಬ ಪ್ರತ್ಯೇಕ ಪರವಾನಗಿ ತೆಗೆದುಕೊಳ್ಳಬೇಕು. ಮಿಷಿಗನ್‌ನಲ್ಲಿ ಒಂದೇ ಲೈಸೆನ್ಸ್ ಎಲ್ಲ ಮೀನಿಗೂ ಸಾಕು. ದಿನಕ್ಕೆ ಎಷ್ಟು ಮೀನು ಅನ್ನುವ ನಿಯಮ ಆಯಾ ರಾಜ್ಯದ ಆ ವರ್ಷದ ಪುಸ್ತಿಕೆಯಲ್ಲಿ ಇರುತ್ತದೆ, ಹೊರಡುವ ಮುಂಚೆ ಓದಿ.

ಹವಾಮಾನದ ವಿಷಯದಲ್ಲಿ ಮಾತ್ರ ದಯವಿಟ್ಟು ಹಠ ಮಾಡಬೇಡಿ. 1967ರ ಸೆಪ್ಟೆಂಬರ್ 23ರಂದು, ಕೋಹೊ ಹಿಡಿಯುವ ಸಂಭ್ರಮದಲ್ಲಿ ಪ್ಲ್ಯಾಟ್ ಕೊಲ್ಲಿಗೆ ಸಣ್ಣ ಸಣ್ಣ ದೋಣಿಗಳಲ್ಲಿ ಹೋದವರು ಬಿರುಗಾಳಿಗೆ ಸಿಕ್ಕಿದರು. ಏಳು ಮಂದಿ ಸತ್ತರು. ಅವತ್ತೂ ಎಚ್ಚರಿಕೆ ಕೊಡಲಾಗಿತ್ತು. ಮೀನು ಚೆನ್ನಾಗಿ ಬೀಳುತ್ತಿದೆ ಅನ್ನುವುದೇ ಅಪಾಯ.

ಹಿಂದಿನ ರಾತ್ರಿಯೂ ಬೆಳಗಿನ ಜಾವವೂ ರಾಷ್ಟ್ರೀಯ ಹವಾಮಾನ ಸೇವೆಯ ದಡದ ಹತ್ತಿರದ ನೀರಿನ ಮುನ್ಸೂಚನೆ ನೋಡಿ. ದಕ್ಷಿಣ ಭಾಗಕ್ಕೆ ಸರೋವರದ ನಡುವಿನ 45007 ಸಂಖ್ಯೆಯ ತೇಲುಯಂತ್ರ ಅಲೆ, ಗಾಳಿಯ ಅಳತೆ ಕೊಡುತ್ತದೆ. ಇಪ್ಪತ್ತು ಅಡಿಯ ದೋಣಿಯಲ್ಲಿ ಹೊಸಬರು ಎರಡು ಅಡಿಗಿಂತ ಜಾಸ್ತಿ ಅಲೆ ಇದ್ದ ದಿನ ಹೋಗಬಾರದು ಎನ್ನುವುದು ನನ್ನ ಲೆಕ್ಕ. ಲೈಫ್ ಜಾಕೆಟ್ ಪೆಟ್ಟಿಗೆಯಲ್ಲಿ ಅಲ್ಲ, ಮೈಮೇಲೆ ಇರಲಿ. ಏಪ್ರಿಲ್‌ನಲ್ಲಿ ನೀರು 40 ಡಿಗ್ರಿ ಫ್ಯಾರನ್‌ಹೀಟ್, ಬಿದ್ದರೆ ಈಜು ಗೊತ್ತಿದ್ದವರಿಗೂ ಕೆಲವೇ ನಿಮಿಷದಲ್ಲಿ ಕೈಕಾಲು ಸೋಲುತ್ತದೆ. ಮರೀನ್ ರೇಡಿಯೋ ಇಟ್ಟುಕೊಳ್ಳಿ, ತುರ್ತಿಗೆ ಚಾನೆಲ್ 16. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ.

ಮನೆಗೆ ತಂದ ಮೇಲೆ

ಹಿಡಿದ ತಕ್ಷಣ ಕಿವಿರು ಕತ್ತರಿಸಿ ರಕ್ತ ಇಳಿಸಿ, ಐಸಿನಲ್ಲಿ ಹುದುಗಿಸಿ. ಸುಮ್ನೆ ಐಸಿನ ಮೇಲಿಟ್ಟರೆ ಸಾಲದು, ಮಾಂಸ ಮೆತ್ತಗಾಗುತ್ತದೆ.

ಈ ಸರೋವರದ ದೊಡ್ಡ ಮೀನಿನ ಕೊಬ್ಬಿನಲ್ಲಿ ಪಿಸಿಬಿ ಎಂಬ ಹಳೆಯ ಕಾರ್ಖಾನೆ ರಾಸಾಯನಿಕ ಸೇರಿರುತ್ತದೆ. ಹಾಗಂತ ತಿನ್ನಲೇಬಾರದು ಅಂತಲ್ಲ. ಚರ್ಮ ತೆಗೆಯಿರಿ, ಬೆನ್ನಿನ ಮತ್ತು ಹೊಟ್ಟೆಯ ಅಂಚಿನ ಕೊಬ್ಬು ಕತ್ತರಿಸಿ ಬಿಸಾಡಿ, ಪಕ್ಕದ ಕಪ್ಪು ಮಾಂಸದ ಪಟ್ಟಿಯನ್ನೂ ತೆಗೆಯಿರಿ. ಬೇಯಿಸುವಾಗ ಇಳಿದ ಕೊಬ್ಬನ್ನು ಬಳಸಬೇಡಿ. ಈ ಕಾರಣಕ್ಕೇ ದೊಡ್ಡ ಚಿನೂಕ್‌ನ ತುಂಡುಗಳನ್ನು ಸಾರಿಗೆ ಹಾಕುವುದಕ್ಕಿಂತ, ಮೆಣಸಿನಪುಡಿ, ಅರಿಶಿನ, ಹುಣಸೆ ರಸ ಸವರಿ ಜಾಲರಿಯ ಮೇಲೆ ಸುಡುವುದು ಒಳ್ಳೆಯದು, ಕೊಬ್ಬು ಕೆಳಗೆ ಸೋರಿಹೋಗುತ್ತದೆ. ತೆಂಗಿನಕಾಯಿ ಅರೆದು ಮಾಡುವ ಸಾರಿಗೆ ವಸಂತದ ಎರಡು ಪೌಂಡಿನ ಕೋಹೊ ಹೇಳಿ ಮಾಡಿಸಿದ್ದು, ಅದರಲ್ಲಿ ಈ ರಾಸಾಯನಿಕವೂ ಕಡಿಮೆ. ಯಾವ ಮೀನು, ಯಾವ ಗಾತ್ರದ್ದು, ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ಪ್ರತಿ ರಾಜ್ಯವೂ ಪಟ್ಟಿ ಕೊಡುತ್ತದೆ. ಗರ್ಭಿಣಿಯರಿಗೂ ಮಕ್ಕಳಿಗೂ ಅದರಲ್ಲಿ ಬೇರೆ ಲೆಕ್ಕ ಇರುತ್ತದೆ. ಮೀನು ಹಂಚುವಾಗ ಪಕ್ಕದ ಮನೆಯವರಿಗೂ ಅದನ್ನು ಹೇಳಿ ಕೊಡಿ.